ಸುಟ್ಟ ಅಂಚಿನ ಮುತ್ತಜ್ಜಿ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಬಂದ ದೂರುದಾರರು ಕುರ್ಚಿ ಕೊಟ್ಟರೂ ಕೂರಲಿಲ್ಲ. ಒಂದು ಕಾಲಕ್ಕೆ ಊರಾಳಿದ ಮನೆತನದ ಯಜಮಾನರು ಅವರು. ಮನೆತನದ ಕಲಾ ಸಂಗ್ರಹಾಲಯದಿಂದ ಮುತ್ತಜ್ಜಿಯ ಭಾವಚಿತ್ರ ಹಿಂದಿನ ರಾತ್ರಿ ಕಳುವಾಗಿತ್ತು.

"ಬರೀ ಚಿತ್ರ ಅಲ್ಲ ಸಾರ್, ನಮ್ಮ ಮನೆತನದ ಮುಖ ಅದು."

ಒಡವೆ ಮಾರಿ ಚಿತ್ರಗಳನ್ನು ಕೊಂಡು ಸಂಗ್ರಹ ಶುರು ಮಾಡಿದವರೇ ಆ ಮುತ್ತಜ್ಜಿ. ತಾತ ಗಡಿಯಾರ, ಪಿಂಗಾಣಿ ಸೇರಿಸಿದ್ದರು. ತಂದೆ ಬಂಗಲೆಯನ್ನೇ ಸಂಗ್ರಹಾಲಯ ಮಾಡಿ ಜನರಿಗೆ ತೆರೆದಿದ್ದರು.

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಮಹಿಳಾ ಕಾನ್‌ಸ್ಟೇಬಲ್ ಜೊತೆ ಹೋಗಿ ಪಂಚನಾಮೆ ಮಾಡಿದರು. ಬೀಗ ಮುರಿದಿರಲಿಲ್ಲ. ಅಲಾರಂ ಆಫ್ ಆಗಿತ್ತು. ಪಕ್ಕದಲ್ಲೇ ಇದ್ದ ಅಂಗೈಯಗಲದ ದುಬಾರಿ ಚಿತ್ರಗಳನ್ನು ಯಾರೂ ಮುಟ್ಟಿರಲಿಲ್ಲ.

"ಅಲಾರಂ ನಂಬರ್ ಯಾರಿಗೆಲ್ಲ ಗೊತ್ತು?"

"ನನಗೆ, ನಮ್ಮಕ್ಕನಿಗೆ, ಕಾವಲುಗಾರನಿಗೆ."

ಕಾವಲುಗಾರ ಕೈಮುಗಿದ. "ನನ್ನ ತಲೆಗೆ ಕಟ್ಬೇಡಿ ಸಾರ್. ನಿನ್ನೆ ರಜ, ಮಗಳ ಮನೇಲಿದ್ದೆ."

ಕಾನ್‌ಸ್ಟೇಬಲ್ ಆ ಮಗಳಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡರು.

"ದುಬಾರಿ ಚಿತ್ರಗಳನ್ನ ಬಿಟ್ಟು ಇದನ್ನೇ ಒಯ್ದಿದ್ದಾರೆ. ಈ ಚಿತ್ರಕ್ಕೆ ಏನಾದ್ರೂ ಮಾಡೋದಿತ್ತಾ?" ಇನ್‌ಸ್ಪೆಕ್ಟರ್ ಯಜಮಾನರನ್ನು ಕೇಳಿದರು.

"ಇವತ್ತು ರಿಪೇರಿಗೆ ಹೋಗ್ಬೇಕಿತ್ತು. ಹಿಂದೆ ಬಂಗಲೆಗೆ ಬೆಂಕಿ ಬಿದ್ದಾಗ ಕೆಳಗಿನ ಅಂಚು ಸುಟ್ಟಿತ್ತು. ಅದರ ಮೇಲೆ ಹೊಸ ಬಣ್ಣ ಹಾಕ್ಸೋಣ ಅಂತ."

"ಯಾರಾದ್ರೂ ಬೇಡ ಅಂದ್ರಾ?"

"ನಮ್ಮಕ್ಕ. ಅವಳದು ಎಲ್ಲದಕ್ಕೂ ಅಡ್ಡಗಾಲು."

ಬಂಗಲೆಯ ಹಿಂದೆಯೇ ಇದ್ದ ಅಕ್ಕನ ಮನೆಗೆ ಯಜಮಾನರೂ ಜೊತೆಗೆ ಬಂದರು. ಬಾಗಿಲು ಹಾರುಹೊಡೆದಿತ್ತು. ನಡುಮನೆಯ ಗೋಡೆಗೆ ಒರಗಿಸಿದ ಚಿತ್ರ ಬೀದಿಗೇ ಕಾಣುತ್ತಿತ್ತು.

"ಬಚ್ಚಿಡಲಿಲ್ವಲ್ಲಮ್ಮಾ?" ಇನ್‌ಸ್ಪೆಕ್ಟರ್ ಅಕ್ಕನನ್ನು ಕೇಳಿದರು.

"ನಮ್ಮ ಮುತ್ತಜ್ಜೀನ ನಾನ್ಯಾಕೆ ಬಚ್ಚಿಡ್ಲಿ?"

"ಇಷ್ಟು ದೊಡ್ಡದನ್ನ ಒಬ್ರೇ ತಂದ್ರಾ?"

"ಹನ್ನೆರಡು ವರ್ಷದೋಳಿದ್ದಾಗ ಇದನ್ನ ಬೆಂಕಿಯಿಂದ ಎಳ್ಕೊಂಡು ಬಂದಿದ್ದೆ. ಈಗ ಕೈಗಾಡಿ ಇತ್ತು."

ಆಕೆಯ ಬಲಗೈ ಮೊಣಕೈವರೆಗೂ ಸುಟ್ಟ ಕಲೆ. ಕಾನ್‌ಸ್ಟೇಬಲ್ ಅದನ್ನೇ ನೋಡುತ್ತಾ ಕೇಳಿದರು, "ಆವತ್ತು ಬೇರೆ ಯಾರೂ ಇರ್ಲಿಲ್ವಾ?"

"ಗಂಡಸ್ರೆಲ್ಲ ಅಂಗಳದಲ್ಲಿ ನಿಂತು ಬೊಬ್ಬೆ ಹೊಡೀತಿದ್ರು. ಇವನಿನ್ನೂ ತೊಟ್ಟಿಲ ಕೂಸು. ಗಂಡಸ್ರ ಮಾನ ಹೋಗುತ್ತೆ, ಯಾರಿಗೂ ಹೇಳ್ಬೇಡ ಅಂದ್ರು ಅಪ್ಪ."

ಯಜಮಾನರು ಅಕ್ಕನ ಪಕ್ಕಕ್ಕೆ ಬಂದರು. "ಕೈ ಸುಟ್ಟಿದ್ದು ಗೊತ್ತಿತ್ತು ಅಕ್ಕಾ. ಇದಕ್ಕೇ ಅಂತ ಗೊತ್ತಿರ್ಲಿಲ್ಲ." ಇನ್‌ಸ್ಪೆಕ್ಟರ್ ಕಡೆ ತಿರುಗಿದರು. "ಸಾರ್, ದೂರು ವಾಪಸ್ ತಗೋತೀನಿ."

"ಯಾಕೋ?" ಅಕ್ಕ ಗದರಿದರು. "ಕದ್ದಿದ್ದು ನಾನೇ. ಬರ್ಕೊಳ್ಳಿ ಸಾರ್. ಯಾಕೆ ಕದ್ದೆ ಅನ್ನೋದನ್ನೂ ಬಿಡದೆ ಬರ್ಕೊಳ್ಳಿ."

ಮಧ್ಯಾಹ್ನ ಹನ್ನೆರಡಕ್ಕೆ ಬಂಧನ ದಾಖಲಾಯಿತು. ಹೇಳಿಕೆಯಲ್ಲಿ ಪಶ್ಚಾತ್ತಾಪದ ಒಂದು ಮಾತೂ ಇರಲಿಲ್ಲ. ಚಿತ್ರ ಉಳಿಸಿದ ಹುಡುಗಿಯ ಬಗ್ಗೆ ಆ ಸಂಗ್ರಹಾಲಯದಲ್ಲಿ ಒಂದು ಸಾಲೂ ಇರಲಿಲ್ಲ. ಆಕೆಯ ಗುರುತೆಂದು ಉಳಿದದ್ದು ಆ ಸುಟ್ಟ ಅಂಚೊಂದೇ. ಅದಕ್ಕೂ ಬಣ್ಣ ಬಳಿಯುವುದನ್ನು ಆಕೆ ಸಹಿಸಲಿಲ್ಲ.

ಜೀಪು ಹತ್ತುವಾಗ ತಮ್ಮ ಆಸರೆಗೆ ಕೈಚಾಚಿದರು. ಆಕೆ ಆ ಕೈಯನ್ನು ಮೆಲ್ಲಗೆ ಸರಿಸಿ, ತಾವೇ ಹತ್ತಿ, ತಲೆಯೆತ್ತಿ ಕುಳಿತರು.