ಮೊದಲು ಅರ್ಧ ಚಮಚ

“ಮುಟ್ಟಬೇಡಿ! ಆ ನೀರು ಮುಟ್ಟಬೇಡಿ!”

ಅನಂತಮತಿ ಬೆಚ್ಚಿಬಿದ್ದಳು. ಕೈಯಲ್ಲಿದ್ದ ತಂಬಿಗೆ ಬಕೆಟಿನ ಮೇಲೆ ಹಾಗೆಯೇ ನಿಂತಿತು.

ಬಂಟ್ವಾಳದ ಚಿಕ್ಕಮ್ಮನ ಮನೆಯಿಂದ ಆಗಷ್ಟೇ ಬಸ್ಸಿನಲ್ಲಿ ಧೂಳು ಕುಡಿದು ಮೂಡುಬಿದಿರೆಗೆ ಬಂದಿಳಿದಿದ್ದಳು. ಹಿಂದಿನ ಅಂಗಳದಲ್ಲಿ ಬಕೆಟು ಕಂಡಿತು, ಕಾಲು ತೊಳೆಯಲು ಹೊರಟಳು. ಅಷ್ಟಕ್ಕೇ ಗುರುತು ಪರಿಚಯವಿಲ್ಲದ ಯುವಕನೊಬ್ಬ ಓಡಿಬಂದು ಅಡ್ಡ ನಿಂತಿದ್ದಾನೆ! ಅಂಗಿಯ ತೋಳು ಮಡಚಿದೆ, ಬೆರಳಿಗೆಲ್ಲ ಬಿಳಿ ಪುಡಿ ಮೆತ್ತಿದೆ.

“ನಮ್ಮ ಮನೆಯ ನೀರು ನಾನು ಮುಟ್ಟಬಾರದಾ? ನೀವು ಯಾರು?”

“ಅದು ನೀರಲ್ಲ...”

“ಮತ್ತೆಂಥದು? ಪಾಯಸವಾ?”

“ಗಿಡಗಳ ಊಟ,” ಎಂದ ಅವನು, ಬಹಳ ಗಂಭೀರವಾಗಿ.

ಅನಂತಮತಿಗೆ ನಗು ಬರಬೇಕಿತ್ತು. ಆದರೆ ದಣಿದು ಬಂದವಳಿಗೆ ಬಂದದ್ದು ಸಿಟ್ಟು.

“ನೋಡಿ, ಇನ್ನೊಂದು ಸಲ ನನಗೆ ಹೀಗೆ ಬೊಬ್ಬೆ ಹೊಡೆದರೆ ನಿಮ್ಮ ಗಿಡಕ್ಕೆಲ್ಲ ಬಿಸಿನೀರು ಹೊಯ್ದುಬಿಡ್ತೇನೆ! ಗೊತ್ತಾಯ್ತಾ?”

ಜಗಲಿಯಲ್ಲಿ ಕೂತಿದ್ದ ಕಮಲಾವತಿ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕರು. “ಬಂದ ಕೂಡಲೇ ಜಗಳವಾ? ಇವರು ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಮಾಸ್ಟ್ರು, ವಿಜಯರಾಜ. ಗುರುವಾಯನಕೆರೆಯವರು. ಮಣ್ಣೇ ಇಲ್ಲದೆ ಗಿಡ ಬೆಳೆಸ್ತಾರಂತೆ ಮಾರಾಯ್ತಿ!”

ಅದು ಅರವತ್ತಮೂರನೇ ಇಸವಿ. ಆ ಬೀದಿಗೆ ನಳ್ಳಿ ನೀರು ಬಂದು ವರ್ಷವಾಗಿರಲಿಲ್ಲ, ಶಾಲೆಗಂತೂ ಬಂದೇ ಇರಲಿಲ್ಲ. ಅದಕ್ಕೇ ಶಾಲೆಯ ಸಮಿತಿಯಲ್ಲಿದ್ದ ಅವಳ ಸೋದರಮಾವ, ಆ ಮನೆಯ ಯಜಮಾನ ನೇಮಿರಾಜರು ತಮ್ಮ ಹಿತ್ತಿಲಲ್ಲೇ ಪ್ರಯೋಗ ಮಾಡಲು ಒಪ್ಪಿದ್ದರು. ಸಿಮೆಂಟಿನ ತೊಟ್ಟಿ, ಅದರ ತುಂಬ ನರಿಕೊಂಬಿನ ಹೊಳೆಬದಿಯಿಂದ ತರಿಸಿದ ಉರುಟು ಕಲ್ಲು, ಕಲ್ಲಿನ ನಡುವೆ ಎಳೆಯ ಟೊಮೆಟೊ ಸಸಿಗಳು. ಅಷ್ಟೇ! ಒಂದು ಹಿಡಿ ಮಣ್ಣೂ ಇಲ್ಲ.

ವಿಜಯರಾಜನ ಕೆಲಸ ತಾತ್ಕಾಲಿಕ. ಡಿಸೆಂಬರ್ ರಜೆಯೊಳಗೆ ಗಿಡದಲ್ಲಿ ಕಾಯಿ ತೋರಿಸಿದರೆ ಖಾಯಂ ಮಾಡಿಸುವ ಎಂದಿದ್ದರು ಹೆಡ್ಮಾಸ್ಟ್ರು. ಇಲ್ಲದಿದ್ದರೆ ಬೇರೆ ಊರು ನೋಡಿಕೊಳ್ಳಬೇಕು.

‘ನೋಡಿಕೊಳ್ಳಲಿ. ನನಗೇನು?’ ಎಂದುಕೊಂಡಳು ಅನಂತಮತಿ.

ಆ ‘ನನಗೇನು’ ಬಹಳ ಕಾಲ ಬಾಳಲಿಲ್ಲ.

ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅವನು ಬರುತ್ತಿದ್ದ. ಜಗಲಿಯ ಮೇಲೆ ಡಬ್ಬಿಗಳನ್ನು ಹರಡಿಕೊಂಡು ಕೂರುತ್ತಿದ್ದ. ಅವಳು ಮೊದಲು ಬಾಗಿಲ ಮರೆಯಿಂದ ನೋಡಿದಳು. ಆಮೇಲೆ ಹೊಸ್ತಿಲಲ್ಲಿ ನಿಂತು ನೋಡಿದಳು. ಆಮೇಲೆ... ಚಮಚ ಹಿಡಿದು ಪಕ್ಕದಲ್ಲೇ ಕೂತಳು!

“ಇದು ಪೆಟ್ಲುಪ್ಪು, ಪಟಾಕಿಗೆ ಹಾಕ್ತಾರಲ್ಲ, ಅದೇ. ಗಿಡ ಬೆಳೆಯಲಿಕ್ಕೆ. ಇದು ಸೂಪರ್ ಫಾಸ್ಫೇಟ್, ಬೇರಿಗೆ ಮತ್ತು ಹೂವಿಗೆ. ಇದು ಅನ್ನಭೇದಿ, ಕಬ್ಬಿಣದ ಅಂಶ. ಚಿಟಿಕೆ ಸಾಕು.”

“ಇದು?”

ಅವನು ನಾಚಿದ. “ಅದು... ಭೇದಿ ಉಪ್ಪು. ಎಲೆ ಹಸಿರಾಗಲಿಕ್ಕೆ. ಅಂಗಡಿಯವರು ನಾನು ಹೋದಾಗಲೆಲ್ಲ ಕೇಳ್ತಾರೆ, ‘ಮಾಸ್ಟ್ರೇ, ಹೊಟ್ಟೆ ಇನ್ನೂ ಸರಿಯಾಗಲಿಲ್ಲವಾ?’ ಅಂತ.”

ಅನಂತಮತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ನಗುವುದನ್ನು ಅವನು ನೋಡಿದ. ಅಳೆಯುತ್ತಿದ್ದ ಚಮಚದ ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಅಳೆಯಬೇಕಾಯಿತು.

“ಪುಸ್ತಕದಲ್ಲಿ ಇದ್ದ ಹಾಗೆಯೇ ಹಾಕಿದರೆ ಆಗುವುದಿಲ್ವಾ?”

“ಪುಸ್ತಕ ಬರೆದವರ ಊರಿನ ನೀರೇ ಬೇರೆ. ನಮ್ಮ ನಳ್ಳಿಯ ನೀರಿಗೆ ಸಾಬೂನು ತಾಗಿಸಿದರೆ ಸಾಕು, ನೊರೆ ಬರ್ತದೆ. ಮೆದು ನೀರು. ಅದರಲ್ಲಿ ಸುಣ್ಣದ ಅಂಶ ಇಲ್ಲವೇ ಇಲ್ಲ ಅನ್ನಬಹುದು. ಅದನ್ನು ನಾವೇ ಸೇರಿಸಬೇಕು. ನೀರಿನ ಗುಣ ತಿಳಿಯದೆ ಏನನ್ನೂ ಹಾಕಬಾರದು. ತಿಳಿದ ಮೇಲೂ ಮೊದಲು ಅರ್ಧ ಚಮಚ. ಗಿಡ ಒಪ್ಪಿದರೆ ಮಾತ್ರ ಪೂರ್ತಿ.”

‘ಗಿಡಕ್ಕೇ ಇಷ್ಟು ಕಾಳಜಿ... ಮನುಷ್ಯರಿಗೆ ಎಷ್ಟಿರಬೇಡ!’ ಎಂದಿತು ಅವಳ ಮನಸ್ಸು.

ಒಂದು ಸಂಜೆ ಅಜ್ಜಿ ಸುಮ್ಮನೆ ಕೇಳಿದ ಹಾಗೆ ಕೇಳಿದರು, “ಮಗಾ, ನಿಂದು ಯಾವ ಬಳಿ?”

ಬಳಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ, ಒಂದೇ ಬಳಿಯವರ ನಡುವೆ ಮದುವೆ ಆಗುವಂತಿಲ್ಲ. ಆದ್ದರಿಂದ ಬಳಿ ಕೇಳಿದರು ಎಂದರೆ ಏನು ಅರ್ಥವೆಂದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಅವನು ಹೇಳಿದ. ಬೇರೆಯೇ ಬಳಿ! ಅನಂತಮತಿ ಒಲೆಯ ಮೇಲೆ ಏನೋ ಉಕ್ಕಿತೆಂದು ಒಳಗೆ ಓಡಿದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಸಸಿಗಳು ಒತ್ತಾದಾಗ ಅವನು ಬಡಕಲಾದ ಒಂದನ್ನು ಕಿತ್ತು ಅವಳ ಕೈಗಿಟ್ಟ. “ಇದು ಬದುಕುವುದಿಲ್ಲ, ಬಿಸಾಡಿ.” ಅವನ ಕೈಯಿಂದ ಬಂದದ್ದನ್ನು ಬಿಸಾಡಲು ಅವಳಿಗೆ ಮನಸ್ಸಾಗಲಿಲ್ಲ. ಒಂದು ಕುಡಿಕೆಗೆ ಉರುಟು ಕಲ್ಲು ತುಂಬಿ, ಸಸಿಯನ್ನು ನೆಟ್ಟು ಅಡುಗೆಮನೆಯ ಕಿಟಕಿಯಲ್ಲಿ ಗುಟ್ಟಾಗಿ ಇಟ್ಟುಕೊಂಡಳು. ಅವನು ಗಟ್ಟಿಯಾಗಿ ಕಲಸಿಟ್ಟ ಬಾಟಲಿಯಿಂದ ಅದಕ್ಕೂ ನಾಲ್ಕು ಹನಿ, ಅಡುಗೆಮನೆಯ ನೀರಿನಲ್ಲಿ ಬೆರೆತು, ಸಿಗುತ್ತಿತ್ತು.

“ನಳ್ಳಿ ಬರುವುದು ಬೆಳಿಗ್ಗೆ, ಆಗ ನಾನು ಶಾಲೆಯಲ್ಲಿರ್ತೇನೆ,” ಎಂದ ಅವನು ಒಮ್ಮೆ. “ನೀರು ಹಿಡಿದು ಒಂದು ದಿನ ತೆರೆದಿಡ್ತೀರಾ? ಬ್ಲೀಚಿಂಗ್ ಪೌಡರಿನ ವಾಸನೆ ಹೋಗಬೇಕು.”

“ಅಷ್ಟೇ ಅಲ್ವಾ? ನಾನು ನೋಡಿಕೊಳ್ತೇನೆ.”

ನೋಡಿಕೊಂಡಳು. ಆದರೆ ತನ್ನ ಮನೆಯ ಪದ್ಧತಿಯಂತೆ!

ಜೈನರ ಮನೆ ಅದು. ನೀರನ್ನು ಬಟ್ಟೆಯಲ್ಲಿ ಸೋಸದೆ ಬಳಸುವಂತಿಲ್ಲ. ಸೋಸಿದ ನೀರಿನಲ್ಲೂ ಹೊತ್ತು ಕಳೆದರೆ ಕಣ್ಣಿಗೆ ಕಾಣದ ಜೀವಗಳು ಹುಟ್ಟುತ್ತವೆ, ಅದನ್ನು ಹಾಗೇ ತೆರೆದಿಟ್ಟರೆ ಹಿಂಸೆಯ ಪಾಪ. ಇಡಲೇಬೇಕಾದರೆ ಕಾಯಿಸಿ ಇಡಬೇಕು. ‘ಕಾಯಿಸಿದರೆ ಆ ವಾಸನೆಯೂ ಹೋಗ್ತದಲ್ಲ!’ ಎಂದು ತನ್ನ ಜಾಣತನಕ್ಕೆ ತಾನೇ ಹಿಗ್ಗಿದಳು. ಬಚ್ಚಲಿನ ದೊಡ್ಡ ಹಂಡೆಯನ್ನು ದಿನವೂ ಹುಣಸೆಹುಳಿ ಹಾಕಿ ತಿಕ್ಕಿ, ಸೋಸಿದ ನೀರು ಕುದಿಸಿ, ತಣಿಸಿ, ಅವನು ಬರುವ ಮೊದಲೇ ಬಕೆಟಿಗೆ ತುಂಬಿಡುತ್ತಿದ್ದಳು. ಇದನ್ನು ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಅವನೂ ಜೈನನೇ, ಅವನ ಮನೆಯಲ್ಲೂ ಹೀಗೆಯೇ ಅಲ್ಲವೇ?

ನವೆಂಬರಿನಲ್ಲಿ ಹೂವು ಬಂತು. ಇಬ್ಬರೂ ತೊಟ್ಟಿಯ ಪಕ್ಕ ಕೂತು ಮಕ್ಕಳ ಹಾಗೆ ನೋಡಿದರು.

ಆಮೇಲೆ ಹೂವು ಉದುರಿತು. ಎಲೆ ಹಳದಿಯಾಯಿತು. ಅವನು ಒಂದೊಂದೇ ಉಪ್ಪನ್ನು ಹೆಚ್ಚಿಸಿ ನೋಡಿದ, ತಗ್ಗಿಸಿ ನೋಡಿದ. ಗಿಡಗಳು ಬಾಡುತ್ತಲೇ ಹೋದವು. ಕೊನೆಗೆ ಒಂದನ್ನು ಕಿತ್ತ. ಬೇರುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಮೊಂಡಾಗಿದ್ದವು.

“ನೀರು ತೆರೆದಿಟ್ಟಿದ್ದೀರಲ್ಲ?” ಎಂದು ಕೇಳಿದ.

“ತೆರೆದಿಡುವುದಾ?” ಅಜ್ಜಿ ಜಗಲಿಯಿಂದಲೇ ಹೇಳಿದರು. “ಅವಳು ದಿನಾ ಕುದಿಸಿಯೇ ಹೊಯ್ಯುವುದು ಮಗಾ.”

ವಿಜಯರಾಜನ ಮುಖ ಬಿಳಿಚಿತು. ‘ನಿಮ್ಮ ಗಿಡಕ್ಕೆಲ್ಲ ಬಿಸಿನೀರು ಹೊಯ್ದುಬಿಡ್ತೇನೆ!’ ಎಂಬ ಮೊದಲ ದಿನದ ಮಾತು ಅವನ ಕಿವಿಯಲ್ಲಿತ್ತು.

“ಆಡಿದ ಮಾತು ನಡೆಸಿಯೇಬಿಟ್ಟಿರಿ, ಅಲ್ವಾ?”

‘ತಣಿಸಿ ಹೊಯ್ದೆ... ನಿಮಗಾಗಿ ಹೊಯ್ದೆ...’ ಎಂದು ಹೇಳಹೊರಟಳು ಅನಂತಮತಿ. ಆದರೆ ಇಷ್ಟು ದಿನ ಪಕ್ಕದಲ್ಲಿ ಕೂತವನು ತನ್ನನ್ನು ತಿಳಿದುಕೊಂಡದ್ದು ಇಷ್ಟೇನಾ?

“ನಿಮಗೆ ಹಾಗೆ ಅನಿಸಿದರೆ ಹಾಗೆಯೇ,” ಎಂದಳು.

ಅವನು ಡಬ್ಬಿಗಳನ್ನು ಅಲ್ಲೇ ಬಿಟ್ಟು ಹೋದ. ರಜೆ ಶುರುವಾದ ದಿನ ಟ್ರಂಕು ಹಿಡಿದು ಊರಿಗೂ ಹೋದ. ಮತ್ತೆ ಬರುವುದಿಲ್ಲವಂತೆ ಎಂಬ ಸುದ್ದಿ ಮಾವನಿಂದ ತಿಳಿಯಿತು. ಅನಂತಮತಿ ಆವತ್ತು ಅಡುಗೆಮನೆಯಲ್ಲಿ ಕೂತು ಅತ್ತಳು. ಹೊಗೆಯಿಂದ ಎಂದು ಸುಳ್ಳು ಹೇಳಿದಳು.

“ಹೊಗೆ ಎಲ್ಲಿಂದ? ಒಲೆ ಹೊತ್ತಿಸಿಯೇ ಇಲ್ಲ,” ಎಂದರು ಅಜ್ಜಿ. ಆಮೇಲೆ ಕಿಟಕಿಯ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. “ಅಲ್ಲ ಮಗಾ... ಇದು ಯಾಕೆ ಸಾಯಲಿಲ್ಲ?”

ಅನಂತಮತಿ ತಲೆಯೆತ್ತಿದಳು. ಬಡಕಲು ಸಸಿ ಈಗ ಕಿಟಕಿಯ ಸರಳು ಹಿಡಿದು ನಿಂತ ಗಿಡ. ಕಡುಹಸಿರು ಎಲೆ. ಎಲೆಯ ಅಡಿಯಲ್ಲಿ ಗೋಲಿಯಷ್ಟು ದಪ್ಪದ ಒಂದು ಕಾಯಿ!

ನೇಮಿರಾಜ ಮಾವ ಹೆಡ್ಮಾಸ್ಟ್ರನ್ನು ಅಡುಗೆಮನೆಗೇ ಕರೆತಂದು ತೋರಿಸಿದರು. ಅಜ್ಜಿಗೆ ಅದೇ ವಾರ ವೇಣೂರಿನ ಬಸದಿಗೆ ಹೋಗುವ ಮನಸ್ಸಾಯಿತು. ಅಲ್ಲಿಂದ ಗುರುವಾಯನಕೆರೆಗೆ ಬಸ್ಸುಂಟಲ್ಲ ಎಂಬುದೂ ನೆನಪಾಯಿತು!

“ನಾನು ಬರುವುದಿಲ್ಲ,” ಎಂದಳು ಅನಂತಮತಿ.

“ಮಾತಾಡದೆ ಇಟ್ಟ ಮನಸ್ಸು ಕಾಯಿಸದೆ ಇಟ್ಟ ನೀರಿನ ಹಾಗೆ, ಹುಳ ಬೀಳ್ತದೆ. ಕುಡಿಕೆ ತೆಗೆದುಕೊ, ಹೋಗುವ.”

ವಿಜಯರಾಜನ ಮನೆ ಕೆರೆಯ ಬದಿಯಲ್ಲೇ ಇತ್ತು. ಅವನ ತಾಯಿ ಪ್ರೇಮಾವತಿ ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋದರು. ಜಗಲಿಯಲ್ಲಿ ಅವನು, ಅವಳು, ನಡುವೆ ಕುಡಿಕೆ.

ಅವನು ಅವಳ ಮುಖ ನೋಡಲಾರದೆ ಗಿಡವನ್ನು ನೋಡಿದ. ಅಲುಗದೆ ನೋಡಿದ.

“ಇದು... ನಾನು ಬಿಸಾಡಿ ಅಂದದ್ದಾ?”

“ನೀವು ಬಿಸಾಡಿ ಅಂದದ್ದನ್ನೆಲ್ಲ ನಾನು ಬಿಸಾಡುವುದಿಲ್ಲ.”

“ಇದಕ್ಕೆ ಯಾವ ನೀರು?”

“ಕಾಯಿಸಿದ್ದೇ. ಅಜ್ಜಿ ಕುಡಿಯುವ ನೀರು. ಮಣ್ಣಿನ ಮಡಕೆಯಲ್ಲಿ ಕಾಯಿಸುವುದು.”

“ತೊಟ್ಟಿಯ ನೀರು?”

“ಅದು ಹಂಡೆಯಲ್ಲಿ. ಬಿಸಿಬಿಸಿ ಹೊಯ್ಯಲಿಲ್ಲ, ತಣಿಸಿಯೇ ಇಟ್ಟದ್ದು...” ಅವಳು ಕುಡಿಕೆಯ ಅಂಚನ್ನು ಸೆರಗಿನಿಂದ ಒರೆಸಿದಳು. “ನಿಮ್ಮ ಗಿಡದ ನೀರು ಅಂತ ದಿನಾ ಹುಳಿ ಹಾಕಿ ಹಂಡೆ ತಿಕ್ತಿದ್ದೆ.”

ವಿಜಯರಾಜ ತಟ್ಟನೆ ಎದ್ದ. ಅವನ ಮನೆಯ ಅಂಗಳದಲ್ಲೂ ಒಂದು ಹಂಡೆ ಬೋರಲು ಹಾಕಿತ್ತು. ಬಿಸಿಲಿಗೆ ಕೆಂಪಗೆ ಹೊಳೆಯುತ್ತಿತ್ತು.

“ತಾಮ್ರ!” ಹಣೆ ಚಚ್ಚಿಕೊಂಡ. “ಮೆದು ನೀರು, ಹುಳಿ ಹಾಕಿ ತಿಕ್ಕಿದ ತಾಮ್ರ, ಅದರಲ್ಲಿ ಕುದಿಸಿದ್ದು... ತಾಮ್ರ ನೀರಿಗೆ ಇಳಿದಿದೆ. ಬೇರಿಗೆ ಅದು ವಿಷ!”

ಅನಂತಮತಿಯ ಕಣ್ಣು ತುಂಬಿತು. “ಹಾಗಾದರೆ ಕೊಂದದ್ದು ನಾನೇ...”

“ಅಲ್ಲ! ನೀರಿನಲ್ಲಿ ಏನುಂಟು ಅಂತ ತಿಳಿಯದೆ ಏನೂ ಹಾಕಬಾರದು ಅಂತ ಪಾಠ ಹೇಳಿದವ ನಾನು. ನಮ್ಮಮ್ಮನೂ ಕಾಯಿಸದೆ ನೀರು ಇಡುವುದಿಲ್ಲ. ಆ ನೀರು ಕುಡಿದೇ ಬೆಳೆದೆ, ಆದರೂ ಹೇಗೆ ಇಡ್ತೀರಿ ಅಂತ ಒಂದು ಮಾತು ಕೇಳಲಿಲ್ಲ. ನಳ್ಳಿಯ ನೀರನ್ನು ಪರೀಕ್ಷೆ ಮಾಡಿದೆ... ನಿಮ್ಮನ್ನು ತಿಳಿಯದೆ ನಿಮ್ಮ ಮೇಲೆ ತಪ್ಪು ಹಾಕಿದೆ. ಕ್ಷಮಿಸ್ತೀರಾ?”

ಕೆರೆಯ ಮೇಲಿಂದ ತಣ್ಣನೆ ಗಾಳಿ ಬಂತು, ಕುಡಿಕೆಯ ಎಲೆಗಳು ಅಲುಗಿದವು.

“ಹೆಡ್ಮಾಸ್ಟ್ರು ಈ ಕಾಯಿ ನೋಡಿದ್ದಾರೆ,” ಎಂದಳು ಕೊನೆಗೆ. “ರಜೆ ಮುಗಿದ ಮೇಲೆ ಇನ್ನೊಂದು ಸಲ ಮಾಡಲಿ ಅಂದಿದ್ದಾರೆ. ತೊಟ್ಟಿ ತೊಳೆದಿಟ್ಟಿದ್ದೇನೆ.”

“ಬರ್ತೇನೆ. ಆದರೆ ಗಿಡಕ್ಕಾಗಿ ಮಾತ್ರ ಬರುವುದಿಲ್ಲ.” ಅವನು ಈಗ ನೇರ ಅವಳ ಮುಖ ನೋಡಿದ. “ಅನಂತಮತಿ... ನೀವಂದರೆ ನನಗೆ ಬಹಳ ಪ್ರೀತಿ. ನಿಮ್ಮ ಮಾವನಲ್ಲಿ ಕೇಳ್ಲಿಕ್ಕೆ ಅಮ್ಮನನ್ನು ಕಳಿಸಲಾ?”

ಅವಳ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಒಳಗಿದ್ದ ಅಜ್ಜಿಗೂ ಕೇಳಿರಬಹುದು ಎನಿಸಿತು. ಆದರೂ ತುಟಿಯಂಚಿನಲ್ಲಿ ಹಳೆಯ ತುಂಟತನ ಮರಳಿತು.

“ನಿಮ್ಮದೇ ಲೆಕ್ಕ ಅಲ್ವಾ ಮಾಸ್ಟ್ರೇ? ಮೊದಲು ಅರ್ಧ ಚಮಚ. ಹಾಗಾದರೆ ಈಗ ಅರ್ಧ ಉತ್ತರ... ಕ್ಷಮಿಸಿದ್ದೇನೆ.”

“ಉಳಿದ ಅರ್ಧ?”

ಬಿಸಿಲು ಕೆರೆಯ ಆಚೆ ದಡಕ್ಕೆ ಇಳಿದಿತ್ತು. ಒಳಗಿನಿಂದ ಪ್ರೇಮಾವತಿ ಕೂಗಿದರು, “ಊಟಕ್ಕೆ ಬನ್ನಿ, ಹೊತ್ತು ಮುಳುಗ್ತದೆ!”

ಅನಂತಮತಿ ಎದ್ದಳು. ಕುಡಿಕೆಯನ್ನು ಎತ್ತಿ ಅವನ ಎರಡೂ ಕೈಗಳಲ್ಲಿಟ್ಟಳು. ತನ್ನ ಕೈ ಹಿಂದಕ್ಕೆ ತೆಗೆಯಲಿಲ್ಲ.

“ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಏನೂ ಬಡಿಸುವುದಿಲ್ಲ,” ಎಂದಳು ಮೆಲ್ಲಗೆ. “ಹಾಗಾಗಿ ಉಳಿದ ಅರ್ಧವನ್ನೂ ಈಗಲೇ ಕೊಟ್ಟುಬಿಡ್ತೇನೆ... ಅಮ್ಮನನ್ನು ಕಳಿಸಿ.”