ಒಂದು ಡಂಪರ್ ಡಾಂಬರು

ಜೂನ್ ಮೂರರ ಬೆಳಗ್ಗೆ ಒಂಬತ್ತೂವರೆಗೆ ಬದಲಾಪುರದಾಚೆಯ ಪೊಲೀಸ್ ಠಾಣೆಗೆ ಗುತ್ತಿಗೆದಾರ ಮುರಾರಿ ಏದುಸಿರು ಬಿಡುತ್ತ ಬಂದರು. ಹಿಂದಿನ ಮಧ್ಯಾಹ್ನ ಕಳಂಬೋಲಿಯ ಗೋದಾಮೊಂದರ ಅಂಗಳಕ್ಕೆ ಹೊರಟಿದ್ದ ಅವರ ಡಂಪರ್ ನಾಪತ್ತೆಯಾಗಿ, ಬೆಳಗ್ಗೆ ಹೆದ್ದಾರಿಯ ಬದಿಯಲ್ಲಿ ಸಿಕ್ಕಿತ್ತು. ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ತುಂಬಿದ್ದ ಬಿಸಿ ಡಾಂಬರು ಮಾತ್ರ ಇರಲಿಲ್ಲ.

"ಡಾಂಬರನ್ನು ಯಾರು ಕದೀತಾರೆ ಮಾರಾಯ್ರೆ?" ಎಂದರು ಸಬ್ ಇನ್‌ಸ್ಪೆಕ್ಟರ್ ನಿಕಿತಾ. ಡೊಂಬಿವಲಿಯಲ್ಲಿ ಬೆಳೆದ ಉಡುಪಿ ಕಡೆಯವರು.

"ನನಗೆಂತ ಗೊತ್ತು ಮೇಡಂ? ಮಾಲು ವಾಪಸ್ ಕೊಡಿಸಿ, ಸಾಕು."

ಠಾಣೆಗೆ ಬೈಕು, ಮೇಕೆ, ತಾಮ್ರದ ತಂತಿ ಎಲ್ಲದರ ಕಳವೂ ಹೊಸದಲ್ಲ. ಡಾಂಬರು ಇದೇ ಮೊದಲು. ಎಫ್‌ಐಆರ್ ಬರೆಯುವ ಕಾನ್‌ಸ್ಟೆಬಲ್ ದಿಲೀಪ ಎರಡು ಸಲ ತಲೆ ಕೆರೆದುಕೊಂಡ. ಮುರಾರಿಯ ಹಿಂದೆ ಡಂಪರಿನ ಚಾಲಕ ಅಂಬಾದಾಸ ನಿಂತಿದ್ದ. ಕಲಬುರಗಿ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದು ಇಲ್ಲೇ ಉಳಿದವರ ಮಗ.

"ಗಾಡಿ ಎಲ್ಲಿ ನಿಲ್ಲಿಸಿದ್ದಿ?"

"ಢಾಬಾದ ಮುಂದ್ರಿ. ಚಾ ಕುಡದು ಬರೂದ್ರಾಗ ಇರಲಿಲ್ಲ."

"ಕೀಲಿ?"

"ಗಾಡ್ಯಾಗ ಇತ್ರಿ."

"ಮಾಲಕರಿಗೆ ಫೋನ್ ಮಾಡಿದ್ದು ಯಾವಾಗ?"

"ರಾತ್ರಿ."

"ಗಾಡಿ ಹೋದದ್ದು ಮಧ್ಯಾಹ್ನ. ಫೋನು ರಾತ್ರಿಯಾ?"



ಅಂಬಾದಾಸನನ್ನು ಜೀಪಿನಲ್ಲಿ ಕೂರಿಸಿಕೊಂಡೇ ಢಾಬಾಕ್ಕೆ ಹೋದರು. ಹಿಂದಿನ ದಿನ ಅಲ್ಲಿ ಯಾವ ಡಂಪರೂ ನಿಂತಿರಲಿಲ್ಲವೆಂದು ಮಾಲೀಕ ಹೇಳಿದ. ಅವನ ಹೇಳಿಕೆ ಬರೆದುಕೊಂಡು, ನಿಕಿತಾ ಜೀಪನ್ನು ಅಂಬಾದಾಸನ ಊರಾದ ಕರವಂದವಾಡಿಯ ಕಡೆಗೆ ತಿರುಗಿಸಲು ಹೇಳಿದರು. ಮುರಾರಿಯೂ ಹತ್ತಿಕೊಂಡರು, ಅವರಿಗೆ ತಮ್ಮ ಹೊಸ ಕಾರನ್ನು ಆ ದಾರಿಗಿಳಿಸುವ ಧೈರ್ಯವಿರಲಿಲ್ಲ.

ಅದನ್ನು ದಾರಿ ಎನ್ನುವುದೇ ದೊಡ್ಡ ಮಾತು. ಒಂದೊಂದು ಗುಂಡಿಯೂ ಎಮ್ಮೆ ಮಲಗುವಷ್ಟಿತ್ತು. ಸ್ಟೇರಿಂಗ್ ಹಿಡಿದಿದ್ದ ದಿಲೀಪ ಸೊಂಟದ ಹೆಸರಿನಲ್ಲಿ ಸರ್ಕಾರವನ್ನು ಬೈಯುತ್ತಿದ್ದ. ಊರು ಇನ್ನೇನು ಕಾಣಬೇಕು, ಕಡಿದಾದ ಏರೊಂದು ಎದುರಾಯಿತು, ಕುಲುಕಾಟ ಥಟ್ಟನೆ ನಿಂತಿತು.

"ಮೇಡಂ, ಗಾಡಿ ಯಾಕ ಹಿಂಗ ಸುಮ್ಮಾಯ್ತು?" ಎಂದ ದಿಲೀಪ.

ನಿಕಿತಾ ಇಳಿದು ನೋಡಿದರು. ಏರಿನುದ್ದಕ್ಕೂ ಹೊಚ್ಚ ಹೊಸ ಡಾಂಬರು ಹಾಸಿತ್ತು. ಪಕ್ಕದ ಹುಲ್ಲಿನಲ್ಲಿ ಕೈಯಲ್ಲಿ ಎಳೆಯುವ ರೋಲರ್ ಬಿದ್ದಿತ್ತು.

"ನಾನ ತಂದು ಸುರುವೀನ್ರಿ," ಎಂದ ಅಂಬಾದಾಸ. "ಬ್ಯಾರೆ ಯಾರ ಹೆಸರೂ ಬರಕೋಬ್ಯಾಡ್ರಿ."

ಜೀಪಿನ ಸದ್ದಿಗೆ ಅವನ ತಾಯಿ ಮರಗಮ್ಮ ಓಡಿ ಬಂದಳು.

"ಕೆಳಗಿನ ಖಡಿ ಕಲ್ಲು ನಾವ ಹಾಕೀವಿ ಮೇಡಂ. ಪ್ರತಿ ವರ್ಷ ರಸ್ತಾ ಮಾಡ್ರಂತ ಆಫೀಸಿಗೆ ಹೋಗ್ತೀವಿ. 'ಮಂಜೂರ್ ಆಗ್ಯದ, ನಿಧಿ ನಾಹೀ' ಅಂತಾರ, ರೊಕ್ಕಾ ಇಲ್ಲಂತ. ಹೋದ ಮಳಿಗಾಲದಾಗ ಇದ ಏರಿನ ಬುಡದಾಗ ಆಂಬುಲೆನ್ಸ್ ಹುಗದು ನಿಂತಿತ್ತು. ಸೊಸಿ ದಾನಮ್ಮನ್ನ ಚಾದರದಾಗ ಹೊತ್ತು ಇಳಿಸಿದಿವಿ. ಕೂಸು ಉಳೀಲಿಲ್ಲ. ಈಗ ಮತ್ತ ದಿನಾ ತುಂಬ್ಯಾವ. ಬೆಳಗಿಂದ ಬ್ಯಾನಿ ತಿನ್ನಾಕತ್ತಾಳ, ಆಂಬುಲೆನ್ಸಿಗೆ ಫೋನ್ ಮಾಡೀವಿ."

ಮುರಾರಿ ಬೂಟಿನಿಂದ ಡಾಂಬರು ಒತ್ತಿ ನೋಡಿದರು. "ಕೆಲಸ ಮಾತ್ರ ಚೆಂದ ಮಾಡಿದ್ದಾನೆ ದರಿದ್ರದವ. ಆದ್ರೂ ಮಾಲು ನನ್ನದು ಮೇಡಂ. ಅಗೆಸಿ ಕೊಡಿ."

"ಇದೀಗ ಮುದ್ದೆಮಾಲು. ಕೈ ಹಚ್ಚಿದ್ರೆ ಸಾಕ್ಷ್ಯ ನಾಶದ ಕೇಸು ನಿಮ್ಮ ಮೇಲೆ."

ಊರಿನ ಇಬ್ಬರು ಪಂಚರ ಸಮ್ಮುಖದಲ್ಲಿ ಪಂಚನಾಮೆಯಾಯಿತು. ಮುದ್ದೆಮಾಲನ್ನು ಠಾಣೆಗೆ ಸಾಗಿಸಲು ಸಾಧ್ಯವಿಲ್ಲದ ಕಾರಣ ಸ್ಥಳದಲ್ಲೇ ಬಿಟ್ಟು, ಜೋಪಾನ ಮಾಡುವ ಹೊಣೆಯನ್ನು ಮರಗಮ್ಮನಿಗೆ ವಹಿಸಲಾಯಿತು.

"ಕೋರ್ಟು ಕೇಳಿದಾಗ ಹಾಜರ್ ಮಾಡಬೇಕು," ಎಂದರು ನಿಕಿತಾ.

"ರಸ್ತಾ ಎಲ್ಲಿಗೆ ಓಡಿ ಹೊಕ್ಕದ್ರಿ? ಕೋರ್ಟಿನವ್ರೇ ಒಮ್ಮೆ ಬಂದು ಹೋಗ್ಲಿ," ಎಂದು ಮರಗಮ್ಮ ಸಹಿ ಹಾಕಿದಳು.

ಮಧ್ಯಾಹ್ನ ಎರಡಕ್ಕೆ ಅಂಬಾದಾಸನನ್ನು ಬಂಧಿಸಲಾಯಿತು. ಅವನು ಹೆಂಡತಿ ಮಲಗಿದ್ದ ಮನೆಯ ಕಡೆಗೊಮ್ಮೆ ನೋಡಿ, ತುಟಿ ಕಚ್ಚಿಕೊಂಡು ಜೀಪು ಹತ್ತಿದ. ಜೀಪು ಏರಿನ ಅರ್ಧಕ್ಕೆ ಇಳಿದಿರಬೇಕು, ಕೆಳಗಿನಿಂದ ಆಂಬುಲೆನ್ಸಿನ ಸದ್ದು ಕೇಳಿಸಿತು. ಒಂದೇ ಗಾಡಿಯಗಲದ ದಾರಿ. ಎರಡೂ ಬದಿಗೆ ಹಳ್ಳ.

"ಹಿಂದೆ ತೆಗಿ," ಎಂದರು ನಿಕಿತಾ.

ದಿಲೀಪ ಜೀಪನ್ನು ಏರಿನ ತುದಿಯವರೆಗೂ ಹಿಂದಕ್ಕೆ ತಂದು ಬಯಲಿಗೆ ಸರಿಸಿದ. ಆಂಬುಲೆನ್ಸ್ ಎಲ್ಲೂ ನಿಲ್ಲದೆ ಹತ್ತಿ ಬಂತು. ಮನೆ ಬಾಗಿಲಲ್ಲಿ ನಿಂತಿದ್ದ ಹೆಂಗಸರು ಖುಷಿಯಲ್ಲಿ ಕೂಗಿಕೊಂಡರು. ಅಂಬಾದಾಸ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ದಿಲೀಪನ ಕಣ್ಣೂ ಒದ್ದೆಯಾಗಿತ್ತು. ಧೂಳು ಎಂದ, ಅಲ್ಲಿ ಧೂಳಿರಲಿಲ್ಲ.

ದಾನಮ್ಮನನ್ನೂ ಮರಗಮ್ಮನನ್ನೂ ಹತ್ತಿಸಿಕೊಂಡು ಆಂಬುಲೆನ್ಸ್ ಮೊದಲು ಇಳಿಯಿತು.

"ಆರೋಪಿಯ ಮೆಡಿಕಲ್ ತಪಾಸಣೆ ಆಗ್ಬೇಕಲ್ಲ," ಎಂದರು ನಿಕಿತಾ.

"ಯಾವ ದವಾಖಾನಿ ಮೇಡಂ?"

"ಆ ಆಂಬುಲೆನ್ಸ್ ಎಲ್ಲಿಗೆ ಹೋಗ್ತದೋ, ಅಲ್ಲಿಗೆ."

ಸರ್ಕಾರಿ ಆಸ್ಪತ್ರೆಯಲ್ಲಿ ಸಾಲು ಉದ್ದವಿತ್ತು. ಕಾಯುತ್ತ ನಿಕಿತಾ ಕೇಸ್ ಡೈರಿ ಬರೆದರು. ಉದ್ದೇಶ ಎಂಬಲ್ಲಿ, ಹೆಂಡತಿಯ ಹೆರಿಗೆಗೆ ಆಂಬುಲೆನ್ಸ್ ಮನೆಯವರೆಗೆ ಬರಲಿ ಎಂದು, ಎಂದಷ್ಟೇ ಬರೆದರು. ಮುರಾರಿ ಪಕ್ಕದಲ್ಲಿ ಕೂತು ಓದಿ, ದೂರು ವಾಪಸ್ ಪಡೆಯುವುದು ಹೇಗೆಂದು ಮೆಲ್ಲಗೆ ವಿಚಾರಿಸಿದರು. ಅದನ್ನು ಕೋರ್ಟಿನಲ್ಲಿ ಹೇಳಬೇಕಾಗುತ್ತದೆ ಎಂದು ನಿಕಿತಾ ತಿಳಿಸಿದರು.

ಆರೋಪಿಯ ಮೈಮೇಲೆ ಗಾಯಗಳಿಲ್ಲ ಎಂದು ಡಾಕ್ಟರು ಬರೆದುಕೊಟ್ಟ ಹೊತ್ತಿಗೆ ಹೆರಿಗೆ ವಾರ್ಡಿನ ನರ್ಸ್ ಹೊರಗೆ ಬಂದಳು.

"ದಾನಮ್ಮಾಚಾ ನವರಾ ಕೋಣ್, ಗಂಡ ಯಾರು? ಮುಲ್ಗೀ ಝಾಲಿ, ಹೆಣ್ಣು ಕೂಸು. ಇಬ್ಬರೂ ಆರಾಮ ಅದಾರ."

ಅಂಬಾದಾಸ ಎದ್ದು ನಿಂತ. ದಿಲೀಪ ಮೇಡಂ ಕಡೆ ನೋಡಿದ. ನಿಕಿತಾ ತಲೆಯಾಡಿಸಿದರು. ದಿಲೀಪ ಹಿಡಿದಿದ್ದ ಕೈ ಬಿಟ್ಟ.

"ಹೋಗ್ ಬಾ. ನಾ ಇಲ್ಲೇ ಬಾಗಲ್ದಾಗ ಇರ್ತೀನಿ."