ಹಸಿರು ಪರದೆಯ ಮನೆ

ಮೊದಲು ಕಂಡಿದ್ದು ಆ ಕೈ.

ಹಸಿರು ಪರದೆಯ ಸಂದಿನಿಂದ ಅದು ಹೊರಬಂತು. ಬೆರಳಿಗೆಲ್ಲ ಮದರಂಗಿ, ಮಣಿಕಟ್ಟಿನ ತುಂಬ ಗಾಜಿನ ಬಳೆ. ಹೊರಗೆ ನಿಂತಿದ್ದ ಗಂಡಸಿನ ಅಂಗೈಯಲ್ಲಿ ಒಂದು ಸಣ್ಣ ಶೀಶೆಯನ್ನಿಟ್ಟು ಮತ್ತೆ ಒಳಗೆ ಸರಿಯಿತು. ಅವನು ಶೀಶೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಕೋಟಿನ ಒಳಜೇಬಿಗೆ ಹಾಕಿಕೊಂಡ. ನಕ್ಕ.

ಎದುರಿನ ಬಳೆ ಅಂಗಡಿಯಲ್ಲಿ ಕೈ ಚಾಚಿ ಕುಳಿತಿದ್ದ ಕಸ್ತೂರಿ ಕೈ ಹಿಂದಕ್ಕೆಳೆದುಕೊಂಡಳು.

ಆ ಗಂಡಸು ಅವಳ ಗಂಡ ದೇವೀಂದ್ರಪ್ಪ!

ತೊಗರಿ ಮಾರುವ ಅಡತಿ ಅಂಗಡಿಗೆ ಹೋಗಿ ಬರುತ್ತೇನೆಂದು ಬೆಳಿಗ್ಗೆ ಹೊರಟವನು. ಅಡತಿ ಊರಿನ ಆ ತುದಿಗಿತ್ತು... ಇವನು ಇಲ್ಲೇನು ಮಾಡುತ್ತಿದ್ದಾನೆ?

"ಅತ್ತಿ, ಆ ಹಸಿರು ಪರದಿ ಮನಿ ಯಾರದು?"

ಪಕ್ಕದಲ್ಲಿದ್ದ ಶಂಕ್ರಮ್ಮ ತಲೆಯೆತ್ತಿದಳು. ದೇವೀಂದ್ರಪ್ಪನ ಸೋದರತ್ತೆ ಅವಳು. ಹೊಸ ಜೋಡಿ ಇಳಿದುಕೊಂಡಿದ್ದು ಅವಳ ಮನೆಯಲ್ಲೇ. ಓಣಿಯ ತಿರುವಿನಲ್ಲಿ ಮರೆಯಾಗುತ್ತಿದ್ದ ಅಳಿಯನನ್ನು ಅವಳೂ ಕಂಡಳು. ಮುಖ ಬಿಳಚಿಕೊಂಡಿತು.

"ಯಾರದೋ ಏನೋ! ಮಂದಿ ಮನಿ ಉಸಾಬರಿ ನಮಗ್ಯಾಕ? ಏಳು ಏಳು, ಬಿಸಿಲೇರಾಕತ್ತದ."

ಅಂದರೆ... ಅತ್ತೆಗೂ ಗೊತ್ತಿದೆ!

ಕಸ್ತೂರಿ ಎದ್ದು ಅತ್ತೆಯ ಹಿಂದೆ ನಡೆದಳು. ಹೊಸ ಬಳೆಗಳು ಕೈಯಲ್ಲಿ ಭಾರವಾಗಿದ್ದವು.

ನಿಜಾಮರ ಆಳ್ವಿಕೆಯ ಕಾಲ. ಅಂಗಡಿಗಳ ಫಲಕಗಳೆಲ್ಲ ಉರ್ದುವಿನಲ್ಲಿ. ಒಂದಕ್ಷರವೂ ಅವಳಿಗೆ ತಿಳಿಯದು. ಅವಳ ತವರು ಶಹಾಬಾದ, ಸೇರಿದ ಮನೆ ಕಮಲಾಪುರ. ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. "ಎಂಟು ದಿನ ಕಲಬುರಗಿಯಾಗ ಇದ್ದು, ಶರಣಬಸಪ್ಪನ ದರ್ಶನ ಮಾಡ್ಕೊಂಡು, ಊರು ನೋಡಿ ಬರ್ರಿ" ಎಂದು ಅತ್ತೆ ಚಂದಮ್ಮನೇ ಇಬ್ಬರನ್ನೂ ಗಾಡಿ ಹತ್ತಿಸಿದ್ದಳು. ಇಂಥ ಭಾಗ್ಯ ಯಾವ ಹೊಸ ಸೊಸೆಗುಂಟು ಎಂದು ನೆರೆಹೊರೆಯವರು ಹೊಟ್ಟೆಕಿಚ್ಚು ಪಟ್ಟಿದ್ದರು.

ಇವತ್ತಿಗೆ ಆರನೇ ದಿನ. ಬಂದ ಮಾರನೇ ದಿನದಿಂದ ದಿನವೂ ಅವನು ಒಂದಲ್ಲ ಒಂದು ನೆಪ ಹೇಳಿ ಹೊರಗೆ ಹೋಗಿದ್ದ.

ಸಂಜೆ ಅವನು ಮರಳಿ ಬಂದಾಗ ಕಸ್ತೂರಿ ನೀರಿನ ತಂಬಿಗೆ ಹಿಡಿದು ಎದುರು ನಿಂತಳು.

"ಎಲ್ಲಿಗೆ ಹೋಗಿದ್ರೀ?"

"ಅಡತಿಗೆ. ಹೇಳೇ ಹೋಗಿದ್ನಲ್ಲ?"

ಕಣ್ಣು ಮಿಟುಕಿಸದೆ ಹೇಳಿದ! ತಂಬಿಗೆ ಈಸಿಕೊಳ್ಳಲು ಬಾಗಿದಾಗ ಅವನ ಕಿವಿಯ ಬಳಿಯಿಂದ ಗುಲಾಬಿಯ ಘಮಲು ಮೂಗಿಗೆ ಬಡಿಯಿತು.

ಅಡತಿಯಲ್ಲಿ ತೊಗರಿಯ ಧೂಳಿರುತ್ತದೆ... ಗುಲಾಬಿ ಎಲ್ಲಿಂದ ಬಂತು?

ಕೇಳಲು ಬಾಯಿ ತೆರೆದವಳು ಒಳಗೆ ನಡೆದುಬಿಟ್ಟಳು. ತಪ್ಪು ತನ್ನದೇ ಇರಬಹುದೇ ಎಂಬ ಮುಳ್ಳು ಅವಳೊಳಗೆ ಮೊದಲಿನಿಂದಲೂ ಚುಚ್ಚುತ್ತಿತ್ತು.

ಕಮಲಾಪುರದಿಂದ ಬರುವ ದಿನ ಗಾಡಿಯಲ್ಲಿ ಅವಳೊಂದು ಮಾತು ಹೇಳಿದ್ದಳು. ತವರಿನವರು ಗಂಡಿನ ಕಡೆಯವರಿಂದ ಮುಚ್ಚಿಟ್ಟಿದ್ದ ಮಾತು. ಎರಡು ವರ್ಷದ ಹಿಂದೆ ಅವಳಿಗೊಂದು ಮದುವೆ ನಿಶ್ಚಯವಾಗಿತ್ತು. ಅಕ್ಷತೆಗೆ ಒಂಬತ್ತು ದಿನ ಇರುವಾಗ ಹುಡುಗ ಪ್ಲೇಗಿನಲ್ಲಿ ತೀರಿಹೋದ. ಅಂದಿನಿಂದ ಓಣಿಯ ಹೆಂಗಸರು ಶುಭಕಾರ್ಯಗಳಿಗೆ ಅವಳನ್ನು ಕರೆಯುವುದನ್ನೇ ಬಿಟ್ಟಿದ್ದರು. ಗಂಡನಿಗೆ ಇದು ತಿಳಿಯದೆ ಸಂಸಾರ ಮಾಡುವುದು ಹೇಗೆ? ಎದೆ ಗಟ್ಟಿ ಮಾಡಿಕೊಂಡು, ತಲೆ ತಗ್ಗಿಸಿ, ಮೆಲ್ಲಗೆ ಎಲ್ಲವನ್ನೂ ಹೇಳಿಬಿಟ್ಟಿದ್ದಳು.

ಅವನು ಒಂದು ಮಾತೂ ಆಡಲಿಲ್ಲ! ಇತ್ತ ತಿರುಗಿಯೂ ನೋಡದೆ ಎತ್ತುಗಳ ಕಡೆಗೆ ಕಣ್ಣು ನೆಟ್ಟು ಕುಳಿತಿದ್ದ. ಸ್ವಲ್ಪ ಹೊತ್ತಿನ ಮೇಲೆ, "ನೀರು ಕುಡೀತೀಯೇನು?" ಎಂದಷ್ಟೇ ಕೇಳಿದ್ದ.

ಆ ಮಾರನೇ ದಿನದಿಂದಲೇ ಈ ನೆಪಗಳು ಶುರುವಾಗಿದ್ದು.

'ನಾನು ಕೆಟ್ಟ ಕಾಲಿನವಳು ಅಂತ ಅಸಹ್ಯ ಬಂತೇ ನಿಮಗೆ? ಅದಕ್ಕೇ ಆ ಮದರಂಗಿ ಕೈಯವಳ ಬಾಗಿಲಿಗೆ ಹೋಗ್ತೀರೇನು?' ದಿಂಬಿಗೆ ಮುಖ ಒತ್ತಿ ಅತ್ತಳು. ಪಕ್ಕದಲ್ಲಿದ್ದವನಿಗೆ ಅದು ಕೇಳಿಸಲೇ ಇಲ್ಲ.

ಏಳನೇ ದಿನ ಬೆಳಿಗ್ಗೆ ಇಬ್ಬರೂ ಶರಣಬಸಪ್ಪನ ಗುಡಿಗೆ ಹೋಗಿ, ಪಕ್ಕದ ಅಪ್ಪನ ಕೆರೆಯ ದಂಡೆಯ ಮೇಲೆ ನಡೆದು ಬಂದರು. ಅವಳು ಅವನ ಎಡಕ್ಕೆ ನಡೆದರೆ ಅವನು ಹಿಂದಿನಿಂದ ಸುತ್ತಿ ಇನ್ನೊಂದು ಬದಿಗೆ ಬರುವನು. ಮತ್ತೆ ಜನ ಅಡ್ಡ ಬಂದು ಜಾಗ ಬದಲಾದರೆ ಮತ್ತೆ ಸುತ್ತುವನು. ಯಾರನ್ನೋ ಹುಡುಕುವಂತೆ ಮುಖ ಆಚೀಚೆ ತಿರುಗಿಸುವನು.

"ಯಾರನ್ನ ಹುಡಕಾಕತ್ತೀರಿ?"

"ಏನು? ಯಾರನ್ನೂ ಇಲ್ಲ!" ಎಂದು ಗಾಬರಿಯಾದ.

ಗಾಬರಿ ಯಾಕೆ, ಏನೂ ಇಲ್ಲದಿದ್ದರೆ?

ಮನೆಗೆ ಬಂದವನೇ ಗಾಡಿಯ ಗಾಲಿಗೆ ಎಣ್ಣೆ ಹಾಕಿಸಿಕೊಂಡು ಬರುತ್ತೇನೆಂದು ಹೊರಟ. ಸೆಖೆಯೆಂದು ಕೋಟನ್ನು ಗೂಟಕ್ಕೆ ನೇತುಹಾಕಿ ಹೋಗಿದ್ದ. ಕಸ್ತೂರಿ ಒಳಜೇಬು ತಡಕಿದಳು. ಶೀಶೆ ಸಿಕ್ಕಿತು. ಅದಕ್ಕೆ ಸುತ್ತಿದ ಚೀಟಿಯಲ್ಲಿ ಉರ್ದುವಿನಲ್ಲಿ ನಾಲ್ಕು ಸಾಲು... ಬಿರಡೆ ತೆಗೆದರೆ ಅದೇ ಗುಲಾಬಿ.

ನಾಳೆ ಬೆಳಗಾದರೆ ಕಮಲಾಪುರಕ್ಕೆ ಪ್ರಯಾಣ. ಈ ಸಂಶಯವನ್ನು ಸೆರಗಿನಲ್ಲಿ ಕಟ್ಟಿಕೊಂಡು ಆ ಮನೆಯ ಹೊಸ್ತಿಲು ತುಳಿಯಬೇಕೇ? ಇಲ್ಲ... ತಿಳಿದೇ ಹೋಗಬೇಕು!

ಮಧ್ಯಾಹ್ನ ಶಂಕ್ರಮ್ಮ ಊಟ ಮಾಡಿ ಮಲಗಿದ ಹೊತ್ತಿನಲ್ಲಿ ಕಸ್ತೂರಿ ತಲೆಯ ಮೇಲೆ ಸೆರಗೆಳೆದುಕೊಂಡು ಹೊರಬಿದ್ದಳು. ಹಸಿರು ಪರದೆಯ ಮುಂದೆ ನಿಂತು ಕೂಗಿದಳು.

"ಯಾರು ಅದಾರ ಒಳಗ?"

ಪರದೆ ಸರಿಯಿತು. ಅದೇ ಮದರಂಗಿ ಕೈ. ಆದರೆ ಆ ಕೈಯ ಹಿಂದಿನ ಮುಖ ನೋಡಿ ಕಸ್ತೂರಿ ತಬ್ಬಿಬ್ಬಾದಳು. ಅರವತ್ತು ದಾಟಿದ ಮುದುಕಿ! ತಲೆಗೂದಲಿಗೂ ಮದರಂಗಿಯ ಕೆಂಪು.

"ಆವೋ ಬೇಟಿ, ಏನ್ ತಕ್ಲೀಫು ನಿಂದು? ಹಕೀಮ್ ಸಾಹೇಬರು ನಮಾಜಿಗಿ ಹೋಗ್ಯಾರ. ಕೂಡು."

ಹಕೀಮರೇ? ಒಳಗಿನ ಗೋಡೆಯುದ್ದಕ್ಕೂ ಔಷಧದ ಶೀಶೆಗಳಿದ್ದವು.

"ನಾ... ಕಮಲಾಪುರದ ದೇವೀಂದ್ರಪ್ಪನವರ ಮನಿಯಾಕಿ."

ಸಂಕಟದಲ್ಲಿ ಗಂಡನ ಹೆಸರೇ ಬಾಯಿಗೆ ಬಂದುಬಿಟ್ಟಿತ್ತು! ಹಕೀಮರ ಬೀಬಿ ಖುರ್ಷೀದ್ ಬೇಗಂ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಂವ ನಿನಗ ಹೇಳೇ ಇಲ್ಲೇನು?"

"ಏನು ಹೇಳಬೇಕಿತ್ತು? ಏನಾಗ್ಯದ ಅವರಿಗೆ? ಏನರೇ ದೊಡ್ಡ ಬ್ಯಾನಿ ಅದ ಏನ್ರೀ?"

"ಜೀವಕ್ಕೇನೂ ಇಲ್ಲ. ಮರೀಜಿನ, ಔಷಧಕ್ಕ ಬಂದವರ ಮಾತು ಮನಿ ಹೊರಗ ಹೇಳಾಂಗಿಲ್ಲಂತ ನಮ್ಮ ಸಾಹೇಬರ ಕಸಮ್, ಆಣಿ ಅದ, ಬೇಟಿ. ಅಂವನ್ನೇ ಕೇಳು." ಬಾಗಿಲವರೆಗೂ ಬಂದು ಮೆಲ್ಲಗೆ ಸೇರಿಸಿದಳು: "ಕೇಳೂ ಮುಂದ ಬಲಕ್ಕ ನಿಂತು ಕೇಳು."

ಬಲಕ್ಕೆ?

ಆ ಮಾತಿನ ಅರ್ಥ ಮನೆ ಮುಟ್ಟಿದರೂ ಹೊಳೆಯಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗಲೂ ಹೊಳೆಯಲಿಲ್ಲ; ಶಂಕ್ರಮ್ಮನ ಮನೆಯಲ್ಲಿ ಗಂಡನನ್ನು ಕೇಳುವ ಧೈರ್ಯವೂ ಬರಲಿಲ್ಲ. ಬೆಳಿಗ್ಗೆ ಶಂಕ್ರಮ್ಮ ಉಡಿ ತುಂಬಿ ಕಳಿಸುವಾಗ ಕಣ್ಣು ತಪ್ಪಿಸಿದ್ದನ್ನು ನೋಡಿ ಮನಸ್ಸು ಮತ್ತೆ ಕದಡಿತು. ಇವರೆಲ್ಲ ಸೇರಿ ಏನನ್ನು ಬಚ್ಚಿಟ್ಟಿದ್ದಾರೆ?

ಗಾಡಿ ಹೊಡೆಯುವ ಯಂಕಪ್ಪ ಮುಂದೆ ಕುಳಿತ. ಹಿಂದೆ, ಹುಲ್ಲಿನ ಮೇಲೆ ಹಾಸಿದ ಜಮಖಾನದಲ್ಲಿ ಗಂಡ ಹೆಂಡತಿ. ದೇವೀಂದ್ರಪ್ಪ ತನ್ನ ಬಲಕ್ಕೆ ಜಾಗ ಬಿಟ್ಟು ಕುಳಿತಿದ್ದ. ಕಸ್ತೂರಿ ಬೇಕೆಂದೇ ಎಡಕ್ಕೆ ಹೋಗಿ ಕುಳಿತಳು.

ಕಪನೂರ ದಾಟಿತು. ಎರಡೂ ಕಡೆ ಎದೆಮಟ್ಟ ಬೆಳೆದ ತೊಗರಿ ಹೊಲ, ಹಳದಿ ಹೂವು. ಯಂಕಪ್ಪನಿಗೆ ಕೇಳಿಸದಷ್ಟು ಮೆಲ್ಲಗೆ, ಆದರೆ ಸ್ಪಷ್ಟವಾಗಿ ಅವಳು ಹೇಳಿದಳು:

"ನಾ ಕಮಲಾಪುರಕ್ಕ ಬರಾಂಗಿಲ್ಲ. ನನ್ನ ತವರಿಗೆ ಬಿಟ್ಟುಬಿಡ್ರಿ."

ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೊಲದ ಕಡೆ ನೋಡುತ್ತಲೇ ಇದ್ದ. ನಸುನಗುತ್ತ ಹೇಳಿದ: "ಈ ಸಲ ತೊಗರಿ ಹೂ ಭಾಳ ಹಿಡದದ ನೋಡು!"

ಕಸ್ತೂರಿಯ ಮೈಯೆಲ್ಲ ಜುಮ್ಮೆಂದಿತು.

ಬಲಕ್ಕ ನಿಂತು ಕೇಳು...

ಹಾಗಾದರೆ ಅವತ್ತು? ಅವತ್ತು ಬರುವಾಗಲೂ ಇದೇ ಗಾಡಿ, ಇದೇ ಎಡಬದಿ! ಅವನು ಸಿಟ್ಟಾಗಿರಲಿಲ್ಲ... ಅವನಿಗೆ ಕೇಳಿಸಿರಲೇ ಇಲ್ಲ!

"ಯಂಕಪ್ಪಾ, ಗಾಡಿ ನಿಲ್ಲಸು!"

ಯಂಕಪ್ಪ ಎತ್ತುಗಳಿಗೆ ನೀರು ಕುಡಿಸಲು ಬಾವಿಯ ಕಡೆ ಹೋದ. ಬೇವಿನ ನೆರಳಿನಲ್ಲಿ ಅವಳು ಗಂಡನ ಬಲಕ್ಕೆ ಬಂದು ನಿಂತಳು.

"ನಿಮ್ಮ ಎಡಗಿವಿ ಕೇಳಸೂದಿಲ್ಲ. ಹೌದಿಲ್ಲೋ?"

ಸಿಕ್ಕಿಬಿದ್ದ ಕಳ್ಳನಂತೆ ಅವನು ಮುಖ ತಗ್ಗಿಸಿದ.

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಹಕೀಮರ ಮನಿಗೆ ನಾ ಹೋಗಿದ್ದೆ. ನಿಮ್ಮನ್ನ... ನಿಮ್ಮನ್ನ ಏನೇನೋ ಅಂದ್ಕೊಂಡಿದ್ದೆ!" ಅವಳಿಗೆ ಅಳು ಒತ್ತಿಕೊಂಡು ಬಂತು. "ಯಾಕ ಮುಚ್ಚಿಟ್ರಿ?"

"ಹನ್ನೆರಡು ವರ್ಷದವ ಇದ್ದಾಗ ಜ್ವರ ಬಂದು ಕಿವಿ ಹೋತು ಕಸ್ತೂರಿ. ಹೆಣ್ಣು ನೋಡಾಕ ಬಂದಾಗ ನಿಮ್ಮಣ್ಣ ಕೇಳಿದ, ಹುಡುಗಗ ಏನರೇ ಐಬು ಅದ ಏನಂತ. ಏನಿಲ್ಲ ಅಂದುಬಿಟ್ರು ನಮ್ಮವರು. ನಾನೂ ಬಾಯಿ ತೆರೀಲಿಲ್ಲ. ಎಂಟು ದಿನ ಕಿವಿಗೆ ಗುಲಾಬಿ ಎಣ್ಣಿ ಹಾಕಿಸ್ಕೊಂಡ್ರ ಸುಧಾರಿಸ್ತದಂತ ಯಾರೋ ಅಂದ್ರು. ನಿನಗ ಗೊತ್ತಾಗೂದ್ರಾಗ ನೆಟ್ಟಗಾಗಿ ಬಿಡಬೇಕಂತ..." ಅವನು ಎಡಗಿವಿಯನ್ನು ಅಂಗೈಯಿಂದ ಮುಚ್ಚಿದ. "ಈ ಐಬು ಹೋಗೂದಿಲ್ಲಂತ. ನಿನ್ನೆ ಅವರ ಮನಿಂದ ಬರೋ ಮುಂದ ಹಕೀಮ್ ಸಾಹೇಬರು ಖರೇನೇ ಹೇಳಿದ್ರು. ಎಡಗಿವಿ ಮತ್ತ ಬರೂದಿಲ್ಲಂತ."

ಅವನೇ ಮತ್ತೆ ಕೇಳಿದ:

"ಅವತ್ತು ಬರೋ ಮುಂದ ಗಾಡ್ಯಾಗ ಏನೋ ಹೇಳಿದಿ ಅನಸ್ತು. ಮತ್ತೊಮ್ಮಿ ಕೇಳಿದ್ರ ಸಿಕ್ಕಿಬೀಳ್ತೀನಂತ ಸುಮ್ಮನಿದ್ದೆ. ಏನು ಹೇಳಿದ್ದಿ?"

ಕಸ್ತೂರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಅವನಿಗೆ ಗೊತ್ತೇ ಇಲ್ಲ! ಏನೂ ಇಲ್ಲವೆಂದು ಹೇಳಿಬಿಟ್ಟರೆ ಮುಗಿಯಿತು. ಆ ಕೆಟ್ಟ ಹೆಸರು ಶಹಾಬಾದದಲ್ಲೇ ಉಳಿಯುತ್ತದೆ, ಕಮಲಾಪುರದಲ್ಲಿ ಯಾರಿಗೂ ತಿಳಿಯುವುದಿಲ್ಲ... ನಾಲಿಗೆಯ ತುದಿಯವರೆಗೂ ಆ ಸುಳ್ಳು ಬಂತು.

ಎದುರಿಗಿದ್ದವನ ಮುಖ ನೋಡಿದಳು. ಈಗಷ್ಟೇ ಎಲ್ಲವನ್ನೂ ಹೇಳಿ ಬರಿದಾಗಿ ನಿಂತಿದ್ದ ಮುಖ.

ಹೇಳಿಬಿಟ್ಟಳು. ನಿಶ್ಚಯ, ಪ್ಲೇಗು, ಒಂಬತ್ತು ದಿನ, ಓಣಿಯ ಮಾತು, ಎಲ್ಲ.

ಅವನು ಬಹಳ ಹೊತ್ತು ಸುಮ್ಮನಿದ್ದ. ಈ ಸಲ ಕೇಳಿಸಿತ್ತು.

"ಆ ಹುಡುಗನ ಹೆಸರೇನಿತ್ತು?"

ಅವಳು ಬೆಚ್ಚಿದಳು. "ಸಿದ್ರಾಮಪ್ಪ... ಅಂತ. ಮಾರಿನೂ ನೋಡಿದ್ದಿಲ್ಲ ನಾ."

"ವಯಸ್ಸು?"

"ಇಪ್ಪತ್ತೊಂದು ಅಂತಿದ್ರು."

"ಇಪ್ಪತ್ತೊಂದು..." ಅವನು ನಿಟ್ಟುಸಿರಿಟ್ಟ. "ಪಾಪ. ಬಾಳಬೇಕಾದ ಹುಡುಗ. ಅವನ ತಾಯಿ ಹ್ಯಾಂಗ ತಡಕೊಂಡಳೋ! ಇದರಾಗ ನಿಂದೇನು ತಪ್ಪದ?"

ಎರಡು ವರ್ಷದಲ್ಲಿ ಎಷ್ಟೋ ಜನ ಅವಳ ಜಾತಕ ಕೇಳಿದ್ದರು, ಕಾಲ್ಗುಣ ಕೇಳಿದ್ದರು. ಸತ್ತವನ ಹೆಸರು ಕೇಳಿದವನು ಇವನೊಬ್ಬನೇ. ಕಸ್ತೂರಿ ಬಿಕ್ಕಿ ಬಿಕ್ಕಿ ಅತ್ತಳು. ದಾರಿಹೋಕರು ನೋಡಿಯಾರೆಂಬ ಅಂಜಿಕೆಯಿಲ್ಲದೆ ಅವನು ಅವಳ ಕೈ ಹಿಡಿದುಕೊಂಡ.

ಕಮಲಾಪುರದ ಕೆಂಪು ಬಾಳೆಯ ತೋಟಗಳು ಕಂಡಾಗ ಹೊತ್ತು ಇಳಿಯುತ್ತಿತ್ತು. ಹೊಸ್ತಿಲಲ್ಲಿ ನೀರಿನ ತಂಬಿಗೆ ಹಿಡಿದು ಕಾದಿದ್ದ ಚಂದಮ್ಮ ಮಗನ ಮುಖವನ್ನೂ ಸೊಸೆಯ ಮುಖವನ್ನೂ ಹೊರಳಿ ಹೊರಳಿ ನೋಡಿದಳು.

"ಅತ್ತಿ, ಇವರ ಕಿವಿ ಸುದ್ದಿ ನನಗ ಗೊತ್ತಾತು," ಎಂದಳು ಕಸ್ತೂರಿ.

ಚಂದಮ್ಮ ತಂಬಿಗೆಯನ್ನು ಕೆಳಗಿಟ್ಟಳು. "ಯವ್ವಾ... ನಾನೇ ಬಾಯಿ ಮುಚ್ಚಿಸಿದ್ದು. ಅವನ ಮ್ಯಾಲ ಸಿಟ್ಟಾಗಬ್ಯಾಡ. ಬಿಟ್ಟು ಹೋಗ್ತೀಯೇನು?"

"ನನ್ನ ಸುದ್ದಿನೂ ಕೇಳ್ರಿ. ಆಮ್ಯಾಲ ಒಳಗ ಕರೀಬೇಕೋ ಬ್ಯಾಡೋ ನೀವೇ ಹೇಳ್ರಿ."

"ಕಸ್ತೂರಿ, ಈಗ ಬ್ಯಾಡ," ಎಂದ ದೇವೀಂದ್ರಪ್ಪ.

"ಈಗೇ ಆಗಲ್ರಿ. ಮತ್ತೊಂದು ಸಂಶಯ ಈ ಮನ್ಯಾಗ ಹುಟ್ಟೂದು ಬ್ಯಾಡ."

ಅವಳು ಹೇಳುತ್ತ ಹೋದಂತೆ ಚಂದಮ್ಮನ ಹುಬ್ಬು ಗಂಟಿಕ್ಕಿತು. ಮುಗಿದ ಮೇಲೂ ಮುದುಕಿ ಕಂಬಕ್ಕೆ ಒರಗಿ ನಿಂತೇ ಇದ್ದಳು. ದೇವೀಂದ್ರಪ್ಪ ಒಂದು ಹೆಜ್ಜೆ ಮುಂದೆ ಬಂದು ಹೆಂಡತಿಯ ಪಕ್ಕದಲ್ಲಿ ನಿಂತ.

"ಅವ್ವಾ, ಆಕಿ ಹೊರಗ ನಿಂತ್ರ ನಾನೂ ಹೊರಗೇ."

"ಬಾಯಿ ಮುಚ್ಚೋ! ನಾ ಏನಂದೆ ಈಗ?" ಚಂದಮ್ಮ ಗದರಿದಳು. ನಂತರ ಸೊಸೆಯ ಕಡೆ ತಿರುಗಿದಾಗ ದನಿ ಇಳಿದಿತ್ತು. "ನಿಮ್ಮವರೂ ಮುಚ್ಚಿಟ್ರು, ನಾನೂ ಮುಚ್ಚಿಟ್ಟೆ. ಯಾರು ಯಾರನ್ನ ಬೈಯೂದು? ಕಾಲು ತೊಳ್ಕೋ ಯವ್ವಾ. ದೂರದ ದಾರಿ ಬಂದು ದಣದೀರಿ."

ಮರುದಿನ ಮುಂಜಾನೆ ತೋಟದಲ್ಲಿ, ಬಾಳೆಯ ಸಾಲಿನ ನಡುವೆ ಇಬ್ಬರೂ ರೊಟ್ಟಿ ಬುತ್ತಿ ಬಿಚ್ಚಿದರು. ದೇವೀಂದ್ರಪ್ಪನ ಕೈಯಲ್ಲಿ ರೊಟ್ಟಿ ಹಾಗೇ ಉಳಿದಿತ್ತು.

"ಏನು ವಿಚಾರ ಮಾಡಾಕತ್ತೀರಿ?"

"ನಾಳೆ ಬಲಗಿವಿನೂ ಹೋದ್ರ, ಕಸ್ತೂರಿ?"

ಅವಳು ಎದ್ದಳು. ಬಳಸಿ ಬಂದು ಅವನ ಮುಂದೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತಳು.

"ಹೋದ್ರ ಹಿಂಗ ಎದುರಿಗೆ ಕೂಡ್ತೀನಿ. ನನ್ನ ಬಾಯಿ ನೋಡಿ ಮಾತು ತಿಳ್ಕೋರಿ."

"ದಿನಾ?"

"ದಿನಾ."

"ಬ್ಯಾಸರ ಬರೂದಿಲ್ಲೇನು ನಿನಗ?"

"ಬಂದ ದಿನ ಅದನ್ನೂ ಎದುರಿಗೇ ಹೇಳ್ತೀನಿ!"

ದೇವೀಂದ್ರಪ್ಪ ಜೋರಾಗಿ ನಕ್ಕ. ನಗುತ್ತಲೇ ರೊಟ್ಟಿ ಮುರಿದು ಮೊದಲ ತುತ್ತನ್ನು ಅವಳ ಬಾಯಿಗಿಟ್ಟ.

"ತಡೀರಿ, ಇನ್ನೊಂದು ಮಾತದ..." ಎಂದಳು ತುತ್ತು ನುಂಗುತ್ತ.

"ಹೇಳು."

ಅವಳು ದನಿಯಿಲ್ಲದೆ ಬರೀ ತುಟಿಯಾಡಿಸಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿದ. ಮೊದಲ ಸಲ ತಿಳಿಯಲಿಲ್ಲ. ಎರಡನೇ ಸಲ ತಿಳಿಯಿತು. ಅವನ ಕಿವಿಗಳೆರಡೂ ಕೆಂಪಾದವು.

"ನನಗೂ," ಎಂದ.